ನೆನೆಹಾಕಿದ ಗುಂಡಿಗಳು

ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ, ಬಟ್ಟೆ ಹೊಲಿಯುವ ಅಕ್ಕನಿಗೆ ಮಗಳ ಬುದ್ಧಿಯೆಲ್ಲ ಊಟದ ತಟ್ಟೆಯಲ್ಲೇ ಇದೆಯೆಂಬ ನಂಬಿಕೆ. ಹುಡುಗಿಗೆ ಪಾಠದಲ್ಲಿ ಗಮನ ನಿಲ್ಲುವುದಿಲ್ಲವೆಂದು ಶಾಲೆಯವರು ಹೇಳಿದಂದಿನಿಂದ ಆ ಅಡುಗೆಮನೆಯಲ್ಲಿ ದಿನಕ್ಕೊಂದು ಕಾನೂನು. ಸೋಮವಾರ ಸಕ್ಕರೆ ಬಂದ್, ಬುಧವಾರದ ಹೊತ್ತಿಗೆ, "ಅಯ್ಯೋ, ನಾನು ಬಂದ್ ಮಾಡಿದ್ದು ಸಕ್ಕರೇನೋ ಹಾಲೋ?" ಎಂದು ಮೆಟ್ಟಿಲಿಳಿದು ಬಂದು ನನ್ನನ್ನೇ ಕೇಳುತ್ತಾಳೆ. ನನಗೇನು ಗೊತ್ತು! ಒಮ್ಮೆ ಬಾದಾಮಿಯನ್ನು ಗುಂಡಿ ಡಬ್ಬಿಗೆ ಸುರಿದು, ಅಂಗಿಯ ಗುಂಡಿಗಳನ್ನು ನೀರಲ್ಲಿ ನೆನೆಹಾಕಿದ್ದಳು. ಬೆಳಿಗ್ಗೆ ಸಿಪ್ಪೆ ಸುಲಿಯಲು ಕೂತಾಗಲೇ ಗೊತ್ತಾದದ್ದು. "ಎಲ್ಲಾ ನನ್ನ ಅಡುಗೆ ತಪ್ಪು ಕಣೇ" ಎಂದು ಕಣ್ಣೊರೆಸಿಕೊಳ್ಳುತ್ತ ಒಲೆ ಮೇಲಿನ ಹಾಲನ್ನು ಮರೆಯುತ್ತಾಳೆ. ಕೊನೆಗೆ ಮಗಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೊರಟಾಗ ನಾನೂ ಜೊತೆಗೆ ಹೋದೆ. "ಹೊತ್ತಿಗೆ ಸರಿಯಾಗಿ ಒಳ್ಳೆ ಊಟ ಕೊಡಿ, ಅದು ಬೇಕೇ ಬೇಕು. ಆದ್ರೆ ಇದು ಊಟದಿಂದ ಬಂದದ್ದಲ್ಲಮ್ಮ, ಎಷ್ಟೋ ಸಲ ಅಪ್ಪ-ಅಮ್ಮನಿಂದಲೇ ಬಂದಿರುತ್ತೆ. ಚಿಕ್ಕವರಿದ್ದಾಗ ನೀವು ಹೇಗಿದ್ರಿ?" ಎಂದರು ಡಾಕ್ಟರು. ಅಕ್ಕನ ಕಣ್ಣು ಅವರ ಕೋಟಿನ ಮೇಲಿತ್ತು. "ಡಾಕ್ಟ್ರೇ, ನಿಮ್ಮ ಎರಡನೇ ಗುಂಡಿ ಸಡಿಲ ಆಗಿದೆ" ಎಂದಳು. ಅಷ್ಟು ಹೊತ್ತೂ ಕಿಟಕಿಯಾಚೆ ನೋಡುತ್ತಿದ್ದ ಮಗಳು ಮೆಲ್ಲಗೆ ಅವಳ ಕೈ ಜಗ್ಗಿದಳು: "ಅಮ್ಮಾ, ಅವರು ನಿನ್ನ ಬಗ್ಗೆ ಕೇಳ್ತಿದ್ದಾರೆ."