ಮೇಣದಬತ್ತಿಯ ಮುಂದೆ ‘ಪೇಪರ್’

ಊದಿ ಆರಿಸಿದ ಮೇಣದಬತ್ತಿಯ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ತಿಳಿಯದು. ನನಗೆ ಇಂಗ್ಲಿಷಿನ ‘ಪಿ’ ಅಕ್ಷರ ನೆನಪಾಗುತ್ತದೆ. ಅದರ ಬೆನ್ನಿಗೇ, ನಾನು ನಗಬಾರದಾಗಿದ್ದ ಒಂದು ನಗು. ಮೊನ್ನೆ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ, ಎದುರು ಮನೆಯ ಮಹೇಶ್‌ಭಾಯ್ ಅವರ ಮೊಮ್ಮಗಳ ಹುಟ್ಟುಹಬ್ಬವಿತ್ತು. ಹುಡುಗಿ ಆರು ಬತ್ತಿಗಳನ್ನು ಒಂದೇ ಉಸಿರಿಗೆ ಆರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೊಗೆಯ ಎಳೆಗಳು ಕಿಟಕಿಯ ಕಡೆಗೆ ಹೋಗುವುದನ್ನು ನೋಡುತ್ತ ನಿಂತೆ.

ಈ ಊರಿನಲ್ಲಿ ಇಂಗ್ಲಿಷ್ ಪದಗಳಿಗೆ ಬಿಡುವಿಲ್ಲದ ದುಡಿಮೆ. ಉತ್ತರ ಭಾರತದ ಭಯ್ಯಾ ಸ್ಟೇಷನ್ನಿಗೆ ಮುಂದೊಂದು ‘ಇ’ ಹಚ್ಚಿ ‘ಇಸ್ಟೇಸನ್’ ಎನ್ನುತ್ತಾನೆ. ನಾವು ಧಾರವಾಡದ ಕಡೆಯವರು ಹಿಂದೊಂದು ‘ಉ’ ಹಚ್ಚಿ ‘ಸ್ಟೇಷನ್ನು’ ಎನ್ನುತ್ತೇವೆ. ನಡುವೆ ಆ ಪದ ಬೆಳಗಿನ ಲೋಕಲ್‌ನಲ್ಲಿ ಸಿಕ್ಕಿಬಿದ್ದ ಪ್ರಯಾಣಿಕನ ಹಾಗೆ ಎರಡೂ ಕಡೆಯಿಂದ ಒತ್ತಿಸಿಕೊಳ್ಳುತ್ತದೆ. ಮಹೇಶ್‌ಭಾಯ್ ಮನೆಯ ಹಾಲ್ ಅವರ ಗುಜರಾತಿ ಬಾಯಲ್ಲಿ ‘ಹೋಲ್’, ಅಂದರೆ ತೂತು. ನಮ್ಮ ಮನೆಯಲ್ಲಿ ಎಗ್ ‘ಯಗ್ಗು’ ಆಗಿಯೇ ಬೇಯುತ್ತದೆ, ರುಚಿಯೇನೂ ಕೆಟ್ಟಿಲ್ಲ.

ಕೆಟ್ಟದ್ದು ವಿಕ್ರೋಳಿಯ ನನ್ನ ಆಫೀಸಿನಲ್ಲಿ. ಕಡತಗಳ ನಡುವೆ ಸುಖವಾಗಿದ್ದವನನ್ನು ಐದು ವರ್ಷದ ಕೆಳಗೆ ಪರದೇಶದ ಗಿರಾಕಿಗಳ ಫೋನಿಗೆ ಹಾಕಿದರು. ನಾನು ‘ಪೇಪರು’ ಎಂದರೆ ಆ ಕಡೆಯಿಂದ ‘ಸಾರಿ?’ ದಿನಕ್ಕೆ ಇಪ್ಪತ್ತು ಸಾರಿ ಕೇಳಿಸಿಕೊಂಡವನನ್ನು ನನ್ನ ಹೆಂಡತಿ ಶಾರದಾ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಗೆ ಕರೆದುಕೊಂಡು ಹೋದಳು. ಅಲ್ಲಿ ಐರಿನ್ ಟೀಚರ್ ಒಬ್ಬರೇ ಇದ್ದರು. ಮಂಗಳೂರಿನ ಕಡೆಯವರು. ಮುಂಬಯಿಯ ಮಕ್ಕಳಿಗೆ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮನೆಮಾತು ಕೊಂಕಣಿ, ಪ್ರಾರ್ಥನೆ ಇಂಗ್ಲಿಷಿನಲ್ಲಿ. ನಮ್ಮ ಹತ್ತಿರ ಮಾತ್ರ ಪುಸ್ತಕದಂಥ ಕನ್ನಡ.

ಟೀಚರ್ ಪಾಠಕ್ಕೆ ಪುಸ್ತಕ ಬಳಸುತ್ತಿರಲಿಲ್ಲ. ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ, ತುಟಿಯಿಂದ ಒಂದು ಗೇಣು ದೂರವಿಟ್ಟು ‘ಪೇಪರ್’ ಎನ್ನುವರು. ಜ್ವಾಲೆ ತಕ್ಷಣ ಬಾಗುತ್ತಿತ್ತು. ನಾನು ಹೇಳಿದರೆ ಅದು ನೆಟ್ಟಗೆ ನಿಂತೇ ಇರುತ್ತಿತ್ತು.

“ಎಂತ ಮಾರಾಯ್ರೆ, ನಿಮ್ಮ ಪೇಪರಿಗೆ ಉಸಿರೇ ಇಲ್ಲ!”

“ಉಸಿರು ಹಾಕಿದ್ರ ‘ಫ’ ಆಕ್ಕೈತ್ರಿ ಟೀಚರ್.”

“ಅಷ್ಟು ಬೇಡ. ‘ಪ’ಕ್ಕಿಂತ ಹೆಚ್ಚು, ‘ಫ’ಕ್ಕಿಂತ ಕಡಿಮೆ. ಗೊತ್ತಾಯಿತಾ?”

ಗೊತ್ತಾಗಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರು ಕಿವಿ ಹಿಂಡಿ ಎರಡನ್ನೂ ಬೇರೆ ಬೇರೆ ಇಟ್ಟಿದ್ದರು, ನಡುವೆ ಇನ್ನೊಂದಕ್ಕೆ ಜಾಗವಿರಲಿಲ್ಲ. ಆಗ ಟೀಚರ್ ತಮ್ಮ ಹಳೆಯ ಉಪಾಯ ಹೂಡುವರು: ಮೊದಲು ನನ್ನ ತಪ್ಪನ್ನು ನನ್ನದೇ ಧಾಟಿಯಲ್ಲಿ ಅಣಕಿಸಿ, ಆಮೇಲೆ ಸರಿಯಾದದ್ದನ್ನು ಹೇಳುವುದು. ಅಣಕ ಎಷ್ಟು ಚೊಕ್ಕವಾಗಿರುತ್ತಿತ್ತೆಂದರೆ ನಾವಿಬ್ಬರೂ ನಕ್ಕು, ಆ ನಗುವಿಗೇ ಬತ್ತಿ ಆರಿಹೋಗುತ್ತಿತ್ತು. ಭಾನುವಾರ ನಾಲ್ಕಕ್ಕೆ ಪಾಠ, ನಾಲ್ಕೂವರೆಗೆ ಚಹಾ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಚಹಾದ ಆಸೆಗೆ ನಾನು ಆಗಾಗ ಅದನ್ನು ನೋಡುವವನು.

ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರ. ಇದನ್ನು ಅವಸರ ಮಾಡದೆ ಹೇಳಬೇಕು. ಗಡಿಯಾರದಲ್ಲಿ ನಾಲ್ಕು ಹತ್ತು. ಟೀಚರ್ ‘ಪೇಪರ್’ ಎಂದರು. ಜ್ವಾಲೆ ಅಲ್ಲಾಡಲಿಲ್ಲ. ‘ಪೆನ್ಸಿಲ್’ ಎಂದರು. ಅದು ‘ಬೆನ್ಸಿಲ್’ ಎಂಬಂತೆ ದಪ್ಪಗೆ ಬಂತು. ಜ್ವಾಲೆ ಹಾಗೇ ಇತ್ತು. ನಾನು ಗಟ್ಟಿಯಾಗಿ ನಕ್ಕೆ.

“ಥೇಟ್ ನನ್ನಂಗ ಅಂದ್ರಿ ನೋಡ್ರಿ ಟೀಚರ್!”

ಅವರು ಎಡಗೈ ಎತ್ತಿ ಏನೋ ಸನ್ನೆ ಮಾಡಿದರು. ಮುಂದುವರಿಸು ಅನ್ನುತ್ತಿದ್ದಾರೆ ಎಂದುಕೊಂಡೆ. ನನ್ನ ಪಟ್ಟಿಯ ಪದಗಳನ್ನು ಒಂದೊಂದಾಗಿ ಓದಿದೆ. ಪಾಕೆಟ್, ಪಾರ್ಸೆಲ್, ಪೋರ್ಟ್. ಟೀಚರ್ ಒಂದನ್ನೂ ತಿದ್ದಲಿಲ್ಲ. ಸುಧಾರಿಸಿದ್ದೇನೆ ಎಂದು ಉಬ್ಬಿ, ಪಟ್ಟಿಯನ್ನು ಎರಡನೆಯ ಸಲ ಮೊದಲಿನಿಂದ ಓದಿದೆ. ನಾಲ್ಕು ಇಪ್ಪತ್ತೈದಕ್ಕೆ ಶಾರದಾ ಚಕ್ಕುಲಿ ಡಬ್ಬಿ ಹಿಡಿದು ಒಳಗೆ ಬಂದಳು. ಬಾಗಿಲಲ್ಲೇ ನಿಂತಳು.

“ಏನ್ ಓದಾಕತ್ತೀರಿ? ಟೀಚರ್ ಮಾರಿ ನೋಡ್ರಿ!”

ನೋಡಿದೆ. ಬಾಯಿಯ ಬಲತುದಿ ಕೆಳಕ್ಕೆ ಜಾರಿತ್ತು. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಕಡ್ಡಿಪೆಟ್ಟಿಗೆ ನೆಲದ ಮೇಲಿತ್ತು, ಅದು ಯಾವಾಗ ಬಿತ್ತೋ ನಾನು ಕಂಡಿರಲಿಲ್ಲ.

ಮಹೇಶ್‌ಭಾಯ್ ಕಾರು ತೆಗೆದರು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಶುರುವಾದದ್ದು ಸರಿಯಾಗಿ ಎಷ್ಟು ಗಂಟೆಗೆ? ಮೆದುಳಿಗೆ ರಕ್ತ ಹರಿಯುವುದು ನಿಂತಿದೆ, ಔಷಧಿ ಕೊಡಬಹುದೋ ಇಲ್ಲವೋ ಎಂಬುದು ಆ ಗಳಿಗೆಯ ಮೇಲಿದೆ, ಟೀಚರ್ ಮತ್ತೆ ಮಾತಾಡುವುದೂ ಅದರ ಮೇಲೇ ಇರಬಹುದು ಎಂದರು. ನಾಲ್ಕು ಇಪ್ಪತ್ತೈದು ಎಂದುಬಿಡುವುದು ಸುಲಭವಿತ್ತು. ನಾಲ್ಕು ಹತ್ತು ಎಂದರೆ, ನಡುವಿನ ಹದಿನೈದು ನಿಮಿಷ ನೀನೇನು ಮಾಡುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ. ಶಾರದಾ ಪಕ್ಕದಲ್ಲೇ ನಿಂತಿದ್ದಳು.

“ಫೋರು ಟೆನ್ನು ಮೇಡಮ್ಮು,” ಎಂದೆ. “ಕ್ಯಾಂಡಲ್ಲು ನಾಟ್ ಮೂವಿಂಗು. ಐ ಲಾಫು.”

ಆಕೆ ‘ಸಾರಿ?’ ಎನ್ನಲಿಲ್ಲ. ಎಲ್ಲ ತಿಳಿದವರಂತೆ ಬರೆದುಕೊಂಡು ಒಳಗೆ ಓಡಿದರು.

ಟೀಚರ್ ಉಳಿದರು, ಮಾತು ಮಾತ್ರ ಬೇಗ ಬರಲಿಲ್ಲ. ಎರಡು ತಿಂಗಳ ಮೇಲೆ, ನಾಲಿಗೆಗೆ ಅಭ್ಯಾಸ ಮಾಡಿಸಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದಾಗ, ಭಾನುವಾರ ನಾಲ್ಕಕ್ಕೆ ನಾನೇ ಮೇಣದಬತ್ತಿ ಹಚ್ಚಿದೆ. ಟೀಚರ್ ಎಷ್ಟು ಕಷ್ಟಪಟ್ಟರೂ ಜ್ವಾಲೆ ಅಲ್ಲಾಡುತ್ತಿರಲಿಲ್ಲ. ನಾನು ಗಂಟುಮುಖ ಹಾಕಿಕೊಂಡು ಕುಳಿತಿರುತ್ತಿದ್ದೆ. ಆ ಮನೆಯಲ್ಲಿ ಇನ್ನೊಮ್ಮೆ ನಗಲು ನನಗೆ ಧೈರ್ಯವಿರಲಿಲ್ಲ. ಅದೆಷ್ಟನೆಯ ವಾರವೋ, ಟೀಚರ್ ಬತ್ತಿಯ ಕಡೆ ಬಾಗಿದವರು ತಲೆ ಎತ್ತಿ ನನ್ನ ಮುಖವನ್ನೇ ನೋಡಿದರು. ಒಂದೊಂದು ಅಕ್ಷರವನ್ನೂ ತಳ್ಳಿ ತಳ್ಳಿ ಹೊರಗೆ ತಂದರು.

“ನ...ಗಿ ಮಾ...ರಾಯ್ರೆ. ಪೇ...ಪರು.”

ಕೊನೆಯ ಆ ‘ಉ’ ನನ್ನದು. ಅಣಕಿಸುತ್ತಿದ್ದರು, ಈ ಸಲ ನಿಜವಾಗಿಯೂ. ಮುಖದ ಎಡಭಾಗ ನಗುತ್ತಿತ್ತು, ಬಲಭಾಗ ಅದರ ಹಿಂದೆ ಹೊರಟಿತ್ತು. ನನಗೆ ಅಳು ಬಂತೋ ನಗು ಬಂತೋ, ಬತ್ತಿ ಮಾತ್ರ ಆರಿತು.

ಆಫೀಸಿನಲ್ಲಿ ನಾನು ಈಗಲೂ ‘ಪೇಪರು’ ಎಂದೇ ಅನ್ನುತ್ತೇನೆ. ಗಿರಾಕಿಗಳು ರೂಢಿಮಾಡಿಕೊಂಡಿದ್ದಾರೆ. ರೂಢಿ ಬದಲಾದದ್ದು ನನ್ನದು. ಯಾರ ನಾಲಿಗೆ ಎಲ್ಲಿ ತೊಡರಿದರೂ, ಮೊದಲು ಮುಖ ನೋಡುತ್ತೇನೆ.

ಹುಟ್ಟುಹಬ್ಬದ ಹೊಗೆ ಕಿಟಕಿ ದಾಟಿತು. ಮೂಲೆಯ ಕುರ್ಚಿಯಲ್ಲಿ ಐರಿನ್ ಟೀಚರ್ ಎಡಗೈಯಲ್ಲಿ ಕೇಕಿನ ತಟ್ಟೆ ಹಿಡಿದು ಕುಳಿತಿದ್ದರು. ಅಡುಗೆಮನೆಯ ಬಾಗಿಲಿಂದ ಮಹೇಶ್‌ಭಾಯ್ ಎಲ್ಲರನ್ನೂ ಹಾಲ್‌ಗೆ ಕರೆಯುತ್ತ ಕೂಗಿದರು, “ಚಲೋ ಚಲೋ, ಸಬ್ ಲೋಗ್ ಹೋಲ್ ಮೇ ಆವೋ!”

ತಿರುಗಿ ಮಹೇಶ್‌ಭಾಯ್ ಮುಖ ನೋಡಿದೆ. ಬಾಯಿಯ ಎರಡು ತುದಿಗಳೂ ಸಮನಾಗಿದ್ದವು, ಎರಡು ಕೈಗಳಲ್ಲೂ ಢೋಕಳಾದ ತಟ್ಟೆಗಳಿದ್ದವು. ಟೀಚರ್ ಕಡೆ ನೋಡಿದೆ. ಅವರೂ ಅದನ್ನೇ ನೋಡಿ ಮುಗಿಸಿದ್ದರು. ಆಮೇಲೆ ಇಬ್ಬರೂ ಹೊಟ್ಟೆ ತುಂಬ ನಕ್ಕೆವು.