ಜೋಡಿಗೆರೆಯ ಸಂಸಾರ

ಏಕಾದಶಿ ಇವತ್ತೋ ನಾಳೆಯೋ ಎಂದು ನೋಡಲು ಬೆಳಗ್ಗೆ ಪಂಚಾಂಗ ತೆಗೆದೆ. ಉಪವಾಸದ ಮೇಲಿನ ಭಕ್ತಿಗಿಂತ ಹೆಚ್ಚಾಗಿ, ಮೀನು ತರಿಸಬಹುದೇ ಬೇಡವೇ ಎಂಬ ಯೋಚನೆಗೆ ನನಗೆ ಪಂಚಾಂಗ ಬೇಕು; ದೇವರಿಗೆ ಇದು ಗೊತ್ತು, ನಿಮಗೂ ಗೊತ್ತಿರಲಿ. ಪುಟಗಳ ನಡುವಿನಿಂದ ನಾಲ್ಕು ಮಡಿಕೆಯ ಕಾಗದವೊಂದು ಜಾರಿ ಬಿತ್ತು. ಬಿಡಿಸಿದರೆ ಚೌಕ, ವೃತ್ತ, ಗೆರೆ, ಜೊತೆಗೆ ಕರ್ಪೂರದ ವಾಸನೆ. ಯಾರಾದರೂ ಕಂಡರೆ ಮಂತ್ರವಾದಿ ಬರೆದುಕೊಟ್ಟದ್ದು ಎಂದು ಹೆದರಿಯಾರು. ಅದು ನಮ್ಮದೇ ಕುಟುಂಬ.

ನಾಲ್ಕು ವರ್ಷದ ಹಿಂದಿನ ಮಾತು. ಮಗಳು ವಿದ್ಯಾ, ಅಳಿಯ ಪ್ರದೀಪ ಮಗುವಿನ ಯೋಚನೆ ಮಾಡುತ್ತಿದ್ದರು. ಮನೆಯಲ್ಲಿ ಹುಟ್ಟಿನಿಂದ ಕಿವಿ ಕೇಳದವರು ಇದ್ದಾರೆಂದು ತಿಳಿದ ಡಾಕ್ಟರು, ಮೊದಲು ವಂಶದ ವಿಚಾರ ನೋಡುವವರನ್ನು ಕಾಣಿ ಎಂದರಂತೆ. ಹಾಗೆ ಅವರಿಬ್ಬರು, ನಾನು, ನಮ್ಮ ಮನೆಯವರು, ನಾಲ್ವರೂ ಮಣಿಪಾಲಕ್ಕೆ ಹೋದೆವು.

ಕಿವಿ ಕೇಳದವನು ನನ್ನ ಮೈದುನ ಬಾಬು. ಕಾಪುವಿನ ಕಡಲ ಬದಿಯಲ್ಲಿ ಕೂತು ಬಲೆ ಹೆಣೆಯುತ್ತಾನೆ. ಬೋಟಿನ ಎಂಜಿನ್ ಕೆಟ್ಟರೆ ಮೆಕ್ಯಾನಿಕ್‌ಗಿಂತ ಮೊದಲು ಅವನನ್ನು ಕರೆಯುತ್ತಾರೆ. ಅಂಗೈ ಇಟ್ಟು ನೋಡಿ, ಎಲ್ಲಿ ತೊಂದರೆ ಎಂದು ಬೆರಳು ತೋರಿಸುತ್ತಾನೆ. ಅಷ್ಟೆಲ್ಲ ಇದ್ದೂ ಅವನಿಗೆ ಹೆಣ್ಣು ಸಿಗಲಿಲ್ಲ. ಹಾರ್ನ್ ಕೇಳದೆ ಒಮ್ಮೆ ಬಸ್ಸಿನಡಿಗೆ ಬೀಳುವುದರಲ್ಲಿದ್ದ. ಬದುಕಿದ್ದು ದೇವರ ದಯೆ.

ಮಣಿಪಾಲದಲ್ಲಿ ಕಾಗದ ಪೆನ್ಸಿಲು ಹಿಡಿದು ಕೂತವಳು ಹುಬ್ಬಳ್ಳಿ ಕಡೆಯ ಎಳೆ ಹುಡುಗಿ. "ಅಮ್ಮಾರ, ನಿಮ್ದು ಸಂಬಂಧದಾಗ ಮದುವಿ ಆಗೇತೇನ್ರಿ?"

"ಇಲ್ಲವೇ ಇಲ್ಲ," ಎಂದೆ ಜಂಬದಿಂದ. "ನನ್ನ ಬಳಿ ಬೇರೆ, ಇವರ ಬಳಿ ಬೇರೆ."

ಬಳಿ ಎಂದರೆ ನಮ್ಮಲ್ಲಿ ತಾಯಿಯಿಂದ ಬರುವ ಕುಲ. ಒಂದೇ ಬಳಿಯವರು ಅಣ್ಣತಂಗಿ ಇದ್ದ ಹಾಗೆ, ಮದುವೆ ಕೂಡದು. ಬಳಿ ಬೇರೆಯಾದರೆ ಮುಗಿಯಿತು, ಮತ್ತೆ ಕೇಳಲಿಕ್ಕೆ ಎಂತದೂ ಇಲ್ಲ. ಹುಡುಗಿ ಸಮಾಧಾನದಿಂದ ಒಂದು ಚೌಕ ಬರೆದಳು.

"ಯಜಮಾನ್ರ ತಂದಿ ನಿಮಗ ಮೊದಲಿಂದ ಗೊತ್ತಿದ್ರೇನ್ರಿ?"

"ಗೊತ್ತಿಲ್ಲದೆ ಎಂತ? ನನ್ನ ಅಮ್ಮನ ಸ್ವಂತ ಅಣ್ಣ ಅಲ್ವಾ!"

ಪೆನ್ಸಿಲು ನಿಂತಿತು. "ಅಮ್ಮಾರ, ಅದಕ್ಕ ಸಂಬಂಧ ಅಂತಾರ್ರಿ." ರಕ್ತಸಂಬಂಧದ ಗುರುತೆಂದು ನಮ್ಮಿಬ್ಬರ ನಡುವೆ ಜೋಡಿಗೆರೆ ಬಿತ್ತು. "ಅಳಿಯಂದ್ರು ಹೊರಗಿನವರಾ?"

"ಹೌದು, ಅವನ ಬಳಿಯೂ ಬೇರೆ. ಅವನ ತಾಯಿ ಇವರ ಅಕ್ಕ."

ಹುಡುಗಿ ಮೇಜಿನ ಮೇಲೆ ತಲೆ ಇಟ್ಟು ನಕ್ಕಳು. "ನಮ್ಮ ಕಡೀನೂ ಹಿಂಗ ರೀ. ಆದ್ರ ಕೇಳಿದ ಕೂಡ್ಲೆ ಒಪ್ಕೋತೀವಿ!" ಇನ್ನೊಂದು ಜೋಡಿಗೆರೆ. ನಮ್ಮ ಮನೆಯವರು ಇಣುಕಿ ನೋಡಿ, "ಇಲ್ಲಿ ರೈಲಿಗೇ ಇನ್ನೂ ಒಂದೇ ಹಳಿ, ನಮಗೆ ಆಗಲೇ ಡಬಲ್," ಎಂದರು. ಬಾಬುವಿನ ಚೌಕಕ್ಕೆ ಮಾತ್ರ ಅವಳು ಪೂರ್ತಿ ಕಪ್ಪು ತುಂಬಿದಳು, ದೋಷ ಇರುವವರ ಗುರುತಂತೆ. ಅದನ್ನು ನೋಡಿ ನನ್ನ ನಗು ಅರ್ಧಕ್ಕೆ ನಿಂತಿತು.

ರಕ್ತ ಪರೀಕ್ಷೆಯ ಫಲ ಬಂದ ಮೇಲೆ ಮತ್ತೆ ಹೋದೆವು. ವಿದ್ಯಾ, ಪ್ರದೀಪ ಇಬ್ಬರಲ್ಲೂ ಬಾಬುವಿನ ಕಿವಿಯ ಆ ದೋಷ ಅಡಗಿ ಕೂತಿತ್ತು. ಒಂದೊಂದು ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಕಿವಿ ಕೇಳದೆ ಇರಬಹುದು. ದಾರಿ ಉಂಟಂತೆ: ಹೊರಗೆ ಗಾಜಿನ ತಟ್ಟೆಯಲ್ಲಿ ಭ್ರೂಣಗಳನ್ನು ಮಾಡಿ, ಪರೀಕ್ಷಿಸಿ, ಆ ದೋಷ ಇಲ್ಲದ್ದನ್ನು ಆರಿಸಿ ಗರ್ಭದಲ್ಲಿ ಇಡಬಹುದು. ಭ್ರೂಣದಲ್ಲಿ ಇದ್ದದ್ದನ್ನೇ ತಿದ್ದಿ ಬರೆಯುವುದು, ಒಬ್ಬರ ಹಾಗೆಯೇ ಇನ್ನೊಬ್ಬರನ್ನು ಮಾಡುವುದು ಮನುಷ್ಯರಿಗೆ ಸಲ್ಲದು, ಕಾನೂನು ಬಿಡುವುದಿಲ್ಲ ಎಂದಳು ಹುಬ್ಬಳ್ಳಿಯ ಹುಡುಗಿ.

"ಬಿಡುವುದಾದರೆ ನನ್ನದೊಂದು ಪ್ರತಿ ತೆಗೀಬಹುದಿತ್ತು," ಎಂದರು ನಮ್ಮವರು.

"ಬೇಡ ಮಾರಾಯ್ರೇ, ಇರುವ ಒಂದನ್ನೇ ಸುಧಾರಿಸಿ ಸಾಕಾಗಿದೆ," ಎಂದೆ.

ಬರುವಾಗ ಬಸ್ಸಿನಲ್ಲಿ ನನಗೆ ಹುಚ್ಚೇ ಹಿಡಿದಿತ್ತು. ಹೇಗೂ ಆರಿಸುವುದಾದರೆ ಮೂಗು ನನ್ನ ಅಮ್ಮನದ್ದು ಇರಲಿ, ಕೂದಲು ನಾದಿನಿಯದ್ದು, ನಾಲಗೆ ಮಾತ್ರ ನಾದಿನಿಯದ್ದು ಬೇಡ, ಗಣಿತಕ್ಕೆ ಹೊರಗಿನಿಂದ ಯಾರನ್ನಾದರೂ ನೋಡೋಣ ಎಂದು ಗಟ್ಟಿಯಾಗಿಯೇ ಪಟ್ಟಿ ಹೇಳುತ್ತಾ ಹೋದೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್, "ಅಮ್ಮ, ಚಿಲ್ಲರೆ ಇಟ್ಟುಕೊಳ್ಳುವ ಬುದ್ಧಿಯನ್ನೂ ಸೇರಿಸಿ," ಎಂದ. ಇಡೀ ಬಸ್ಸು ನಕ್ಕಿತು. ವಿದ್ಯಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ನಾನು ಆರಿಸುವ ಪಕ್ಷದವಳೇ ಆಗಿದ್ದೆ, ಸುಳ್ಳು ಏಕೆ? ಬಾಬುವಿನ ಕಷ್ಟ ಕಂಡವಳು ನಾನು. ರಕ್ತದ ಕಾಯಿಲೆಯಿಂದ ಮಗುವನ್ನು ಕಳೆದುಕೊಂಡ ಗೆಳತಿಯೊಬ್ಬಳು ಬಜಗೋಳಿಯಲ್ಲಿದ್ದಾಳೆ. ಅವಳಿಗೆ ಇಂಥ ದಾರಿ ಸಿಕ್ಕಿದ್ದರೆ ನಾನೇ ತೆಂಗಿನಕಾಯಿ ಒಡೆಯುತ್ತಿದ್ದೆ. ಈಗಲೂ ಒಡೆಯುತ್ತೇನೆ.

ಸಂಜೆ ಜಗಲಿಯಲ್ಲಿ ಬಾಬು ಗಲ್ಲ ಎತ್ತಿ ಕೇಳಿದ, ಡಾಕ್ಟರು ಎಂತ ಹೇಳಿದರು? ಅವನ ಕೈಭಾಷೆ ಕಲಿತೇ ಬೆಳೆದ ವಿದ್ಯಾ ತೋರಿಸಿದಳು: ಮಗು, ಕಿವಿ, ಕೇಳದು, ಬಹಳ ಮಾಡಿ, ಒಳ್ಳೆಯದು ಆರಿಸಿ.

ಬಾಬು ಸ್ವಲ್ಪ ಯೋಚಿಸಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಇಲ್ಲದ ಮೀನು ಆರಿಸತೊಡಗಿದ, ಬೋಟು ಬಂದಾಗ ಹೆಂಗಸರು ಆರಿಸುವ ಹಾಗೆಯೇ. ಬಂಗುಡೆ ಈ ಬುಟ್ಟಿಗೆ, ಅಂಜಲ್ ಆ ಬುಟ್ಟಿಗೆ. ಒಂದನ್ನು ಎತ್ತಿ ಕಣ್ಣೆದುರು ಹಿಡಿದ. ಅದರ ಮುಖ ಹೇಗಿದೆ ಎಂದು ತೋರಿಸಲು ತನ್ನ ಮುಖವನ್ನೇ ಮುಟ್ಟಿಕೊಂಡ, ಕಿವಿ ಮುಟ್ಟಿಕೊಂಡ. 'ಛೆ' ಎಂಬಂತೆ ಮೂಗು ಮುರಿದು ಅದನ್ನು ಹಿಂದಕ್ಕೆ, ಗೊಬ್ಬರದ ರಾಶಿಗೆ ಎಸೆದು ಕೈ ಒರೆಸಿಕೊಂಡ. ಎಸೆದು, ತನ್ನ ದೊಡ್ಡ ಒಡಕು ದನಿಯಲ್ಲಿ ನಕ್ಕ. ನಾವು ಯಾರೂ ನಗದ್ದು ಕಂಡು ಗಾಬರಿಯಾಗಿ, ಎದ್ದು ಬಂದು ನನ್ನ ತಲೆ ತಟ್ಟಿದ. ತಮಾಷೆ, ತಮಾಷೆ ಎಂದು ಕೈ ಬೀಸಿದ.

"ಅಮ್ಮ, ನಾನು ಆರಿಸುವುದಿಲ್ಲ," ಎಂದಳು ವಿದ್ಯಾ.

ಪ್ರದೀಪ ಮೆಲ್ಲಗೆ ಅಂದ, "ಬಾಬು ಮಾಮನಿಗೆ ಬೇಸರ ಆಗ್ತದೆ ಅಂತ ಬೇಡ ಹೇಳುವುದಾದರೆ ಸರಿ ಅಲ್ಲ. ನಾಳೆ ಆ ಮಗುವೇ, ದಾರಿ ಇದ್ದೂ ಯಾಕೆ ಬಿಟ್ಟಿರಿ ಅಂದರೆ?"

"ಹೆದರಿಕೆ ನನಗೂ ಉಂಟು. ಆದರೆ ಉತ್ತರ ಹೇಳಲಿಕ್ಕೆ ಬಾಬು ಚಿಕ್ಕಪ್ಪ ಇದ್ದಾರೆ. ಹುಟ್ಟಿದ ದಿನವೇ ಪರೀಕ್ಷೆ ಮಾಡಿಸುವ. ಬೇಕಾದ ಚಿಕಿತ್ಸೆ ಎಲ್ಲಾ ಮಾಡಿಸುವ. ಆರಿಸುವುದು ಮಾತ್ರ ನನ್ನಿಂದ ಆಗುವುದಿಲ್ಲ."

ಪ್ರದೀಪ ಎರಡು ದಿನ ಯೋಚಿಸಿ ಒಪ್ಪಿದ. ನಾನು ಒಪ್ಪಲಿಲ್ಲ. ಮಗಳೊಡನೆ ಮೂರು ದಿನ ಮಾತು ಬಿಟ್ಟೆ. ನನ್ನ ಮಟ್ಟಿಗೆ ಅದು ನಿರ್ಜಲ ಉಪವಾಸಕ್ಕಿಂತ ಕಠಿಣ ವ್ರತ. ಕಾಪುವಿನ ಗುಡಿಯಲ್ಲಿ ಅಮ್ಮನ ಎದುರು ನಿಂತು, ಇವಳಿಗೆ ಬುದ್ಧಿ ಕೊಡು ತಾಯಿ ಎಂದು ಬೇಡಿದೆ. ಅಮ್ಮ ಹೂವಿನ ಪ್ರಸಾದ ಕೊಟ್ಟಳು. ಬುದ್ಧಿ ಯಾರಿಗೆ ಬೇಕಿತ್ತೆಂದು ಅವಳಿಗೆ ತಿಳಿದಿರಬೇಕು.

ಚಿನ್ನು ಹುಟ್ಟಿದಳು. ನಾಲ್ಕರಲ್ಲಿ ಒಂದು ಪಾಲು ಎಂದಿದ್ದರಲ್ಲ, ಅದೇ ನಮಗೆ ಬಂತು. ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ನಾನು ಸೆರಗು ಒದ್ದೆಯಾಗುವಷ್ಟು ಅತ್ತೆ. ಮರುದಿನದಿಂದ ಅಳಲು ಪುರುಸೊತ್ತು ಸಿಗಲಿಲ್ಲ. ಬಾಬು ಅವಳ ಪುಟ್ಟ ಅಂಗೈಯನ್ನು ತನ್ನ ಎದೆಗೆ ಒತ್ತಿಕೊಂಡು ಗುಂಯ್ ಎನ್ನುತ್ತಿದ್ದ, ಅವಳು ಕಣ್ಣರಳಿಸುತ್ತಿದ್ದಳು.

ಈಗ ಅವಳಿಗೆ ಎರಡೂವರೆ ವರ್ಷ. ಶಸ್ತ್ರಚಿಕಿತ್ಸೆ ಆಗಿದೆ, ಕಿವಿಯ ಹಿಂದೆ ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಯಂತ್ರವೊಂದು ಉಂಟು. ಹಾಕಿದರೆ ಕೇಳುತ್ತಾಳೆ, ನಾಲ್ಕಾರು ಮಾತು ಆಡುತ್ತಾಳೆ. ನಾನು ಭಜನೆ ಶುರುಮಾಡಿದರೆ ಕಿತ್ತು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬರುತ್ತಾಳೆ. ಎಂಥ ಪುಣ್ಯವಂತೆ ನೋಡಿ, ನಮ್ಮ ಮನೆಯವರಿಗೆ ಮೂವತ್ತು ವರ್ಷದಿಂದ ಆ ಸೌಲಭ್ಯ ಇಲ್ಲ.

ಅಂದು ಗಾಜಿನ ತಟ್ಟೆಯಲ್ಲೇ ಬಿಟ್ಟುಬಿಡಿ ಎಂದು ನಾನು ಹೇಳಿದ್ದು ಇವಳನ್ನು.

ಇವತ್ತು ಬೆಳಗ್ಗೆ ಆ ಕಾಗದ ಮಡಚಿಟ್ಟು ಅಡುಗೆಮನೆಗೆ ಹೋಗಿದ್ದೆ. ಚಿನ್ನು ಎದ್ದು ಬಂದು ಜಗಲಿಯಲ್ಲಿದ್ದ ಬಾಬುವಿನ ಹತ್ತಿರ ಕೈಯಲ್ಲಿ ಏನೋ ಕೇಳುತ್ತಿದ್ದಳು. ಬಾಗಿಲ ಸಂದಿಯಿಂದ ನೋಡಿದೆ. ಎರಡು ಅಂಗೈ ಜೋಡಿಸಿ ಕಣ್ಣು ಮುಚ್ಚಿದಳು; ಮರುಕ್ಷಣ ಬೆರಳುಗಳನ್ನು ಬಾತುಕೋಳಿಯ ಕೊಕ್ಕಿನಂತೆ ಬಾಯಿಯೆದುರು ಪಟಪಟ ಬಡಿದಳು. ಆಮೇಲೆ, ಎಲ್ಲಿ ಎಂದು ಕೈ ತಿರುಗಿಸಿದಳು. ಬಾಬು ಅಡುಗೆಮನೆಯತ್ತ ಬೆರಳು ತೋರಿಸಿ ನಕ್ಕ.

ಅದು ನಾನು! ಕೈ ಮುಗಿಯುವವಳು, ಬಾಯಿ ಮುಚ್ಚದವಳು. ಇಂಥವರ ಮಗಳು, ಇಂಥವರ ಹೆಂಡತಿ, ವಿದ್ಯಾಳ ಅಮ್ಮ ಎಂದು ಐವತ್ತೆಂಟು ವರ್ಷ ಕರೆಸಿಕೊಂಡಿದ್ದೇನೆ. ಇಷ್ಟು ಸರಿಯಾಗಿ ನನಗೆ ಯಾರೂ ಹೆಸರಿಟ್ಟಿರಲಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. ಅವಳೆದುರು ಅಂಗೈ ಜೋಡಿಸಿದೆ, ಬೆರಳು ಪಟಪಟಿಸಿದೆ, ಎದೆ ಮುಟ್ಟಿಕೊಂಡೆ: ಬಂದೆ, ಬಂದೆ.