ಅರವತ್ತನಾಲ್ಕು ಡಿಗ್ರಿ

ನನ್ನ ಚಿಕ್ಕಮ್ಮ ಹಾಲಿನ ಕಾರ್ಖಾನೆಯಲ್ಲಿ ಆರು ವರ್ಷ ಕ್ರೇಟು ತೊಳೆದಳು. ಅದಕ್ಕೂ ಮುಂಚೆ ಹಾಲು ಕಾಯಿಸುವ ಯಂತ್ರ ಅವಳ ಕೈಯಲ್ಲಿತ್ತು. ಅಲ್ಲಿಂದ ಅವಳನ್ನು ಇಳಿಸಿದವನು ಆಗಿನ ಸೂಪರ್‌ವೈಸರ್, ಆಮೇಲಿನ ಮ್ಯಾನೇಜರ್. ನಾನೂ ಅಲ್ಲೇ ಪ್ಯಾಕಿಂಗ್ ಕೆಲಸದವಳು. ಅವನ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಪಾಶ್ಚರೀಕರಣ ಎಂದರೆ ರೋಗಾಣು ಸಾಯುವಂತೆ ಹಾಲು ಎಪ್ಪತ್ತೆರಡು ಡಿಗ್ರಿಯಲ್ಲಿ ಹದಿನೈದು ಸೆಕೆಂಡಾದರೂ ಕಾಯಬೇಕು. ಆರು ವರ್ಷದ ಹಿಂದೆ ಒಂದು ದಿನ ಮುಳ್ಳು ಅರವತ್ತನಾಲ್ಕು ದಾಟಲಿಲ್ಲ. ಚಿಕ್ಕಮ್ಮ ಯಂತ್ರ ನಿಲ್ಲಿಸಹೋದಳು. "ಲಾರಿ ಕಾಯ್ತಿದೆ, ಬಿಡಮ್ಮ" ಎಂದು ಈ ಸೂಪರ್‌ವೈಸರ್ ತಾನೇ ಹಾಲನ್ನು ಪ್ಯಾಕಿಂಗಿಗೆ ಬಿಟ್ಟ. ಅದನ್ನು ಕುಡಿದ ಒಂದು ಹಾಸ್ಟೆಲಿನ ಮಕ್ಕಳೆಲ್ಲ ವಾಂತಿ ಮಾಡಿಕೊಂಡು ಮಲಗಿದರು. 'ಕೈ ತೊಳೆಯದೆ ಟ್ಯಾಂಕು ಮುಟ್ಟಿದ್ದಾಳೆ' ಎಂದು ವರದಿ ಬರೆದವನೂ ಇವನೇ. ವಿಚಾರಣೆಗೆ ಚಿಕ್ಕಮ್ಮನನ್ನು ಒಳಗೂ ಕರೆಯಲಿಲ್ಲ. ಅಂದಿನಿಂದ ಎಲ್ಲರ ಬಾಯಲ್ಲೂ ಅವಳು 'ಕೊಳಕುಕೈ'.

ಯಂತ್ರದ ಪೆನ್ನು ತಾನಾಗಿಯೇ ಶಾಖದ ಗೆರೆ ಎಳೆಯುವ ದುಂಡನೆಯ ಕಾಗದವೊಂದಿರುತ್ತದೆ. ಆ ದಿನದ್ದನ್ನು ಚಿಕ್ಕಮ್ಮ ಸಂಜೆಯೇ ಬಿಚ್ಚಿ ಊಟದ ಚೀಲಕ್ಕೆ ಸೇರಿಸಿದ್ದಳು. ಕೆಳಗೆ ಅವನ ಸಹಿಯಿತ್ತು. ಹುಡುಕಿ ಸಿಗದೆ, 'ಕಳೆದುಹೋಗಿದೆ' ಎಂದು ಅವನು ಬರೆದುಕೊಂಡ.

"ಯಾರಿಗೆ ಕೊಟ್ರೂ ಸುತ್ತಿ ಬಳಸಿ ಅವನ ಕೈಗೇ ಹೋಗುತ್ತೆ. ಹೊರಗಿನವರು ಬರ್ಲಿ, ತಾಳು," ಎನ್ನುತ್ತಿದ್ದಳು. ಆರು ವರ್ಷ ಅದು ಅಕ್ಕಿ ಡಬ್ಬದ ಅಡಿಯಲ್ಲಿತ್ತು. ಕ್ರೇಟು ತೊಳೆಯುವ ಕಾಸ್ಟಿಕ್ ನೀರಿಗೆ ಅಂಗೈ ಬಿರಿದಾಗಲೆಲ್ಲ ತೆಗೆದು ನೋಡುತ್ತಿದ್ದಳು. ನಾನೂ ನೋಡಿ ಹಲ್ಲು ಕಡಿಯುತ್ತಿದ್ದೆ.

ಹೋದ ತಿಂಗಳು ಆಹಾರ ಸುರಕ್ಷತಾ ಅಧಿಕಾರಿ ನಮಗೆ ತರಬೇತಿ ಕೊಡಲು ಬಂದರು. ಬೋರ್ಡಿನ ಮೇಲೆ ಎರಡು ಪದ ಬರೆದು, ಅರ್ಥ ಯಾರು ಹೇಳುತ್ತೀರಿ ಎಂದರು. ಚಿಕ್ಕಮ್ಮ ಎದ್ದಳು.

ಮ್ಯಾನೇಜರ್ ನಕ್ಕ. "ಆಯಮ್ಮ ಕ್ರೇಟ್ ತೊಳೆಯೋಳು ಸಾರ್."

"ಹೇಳ್ಲಿ ಬಿಡಿ," ಎಂದರು ಅಧಿಕಾರಿ.

"ಕಂಟಾಮಿನೇಷನ್ ಅಂದ್ರೆ ಹಾಲಿಗೆ ಸೇರಬಾರದ್ದು ಸೇರೋದು. ನನ್ನ ಕೈಯಿಂದ ಸೇರ್ತು ಅಂತ ಇವರು ಬರೆದ್ರು. ಟ್ರೇಸಬಿಲಿಟಿ ಅಂದ್ರೆ ತಪ್ಪು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕ್ಕೊಂಡು ಹೋಗೋದು. ಇಲ್ಲಿದೆ, ನೋಡಿ ಸಾರ್."

ಊಟದ ಚೀಲದಿಂದ ಆ ದುಂಡನೆಯ ಕಾಗದ ಹೊರಬಂದು ಮೇಜಿನ ಮೇಲೆ ಬಿತ್ತು. ಅಧಿಕಾರಿ ಗೆರೆ ನೋಡಿದರು, ತಾರೀಖು ನೋಡಿದರು, ಸಹಿ ನೋಡಿದರು. ಮ್ಯಾನೇಜರ್ ಮೇಜಿನತ್ತ ಧಾವಿಸಿದ.

"ಅದು ನೋಡಿ ಹಾಕಿದ್ದಲ್ಲ ಸಾರ್! ಸೋಮವಾರಾನೇ ಇಡೀ ವಾರದ ಖಾಲಿ ಕಾಗದಕ್ಕೆ ಒಟ್ಟಿಗೆ ಸಹಿ ಹಾಕಿಬಿಡ್ತಿದ್ದೆ, ಯಾವಾಗ್ಲೂ!"

"ಯಾವಾಗ್ಲೂ?" ಎಂದು ಅಧಿಕಾರಿ ಪೆನ್ನು ತೆಗೆದರು.

ಬಾಯಿಬಿಟ್ಟರೆ ಬಣ್ಣಗೇಡು. ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನ್ನಿಸಿತು.

ಕೆಲಸ ಹೋದ ಮೇಲೆ ಅವನು ನಮ್ಮ ಮನೆ ಬಾಗಿಲಿಗೆ ಬಂದ. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ತಪ್ಪಾಯ್ತಮ್ಮ. ನೀವೊಂದು ಮಾತು ಹೇಳಿದ್ರೆ ವಾಪಸ್ ತಗೋತಾರೆ," ಎಂದು ಅವಳ ಕೈ ಹಿಡಿಯಲು ಬಂದ.

ಚಿಕ್ಕಮ್ಮ ಬಿರುಕುಬಿಟ್ಟ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಕೈ ತೊಳ್ಕೊಂಡು ಬಂದಿದೀರಾ?" ಎಂದು ಕೇಳಿ ಬಾಗಿಲು ಹಾಕಿದಳು.